ವೇಷದ ಸಾಲ

ರಾವಣನ ಪಾತ್ರ ಮಾಡಿದವನು ಸೀತೆಯನ್ನು ಕದ್ದವನಲ್ಲ. ಇದು ಎಲ್ಲರಿಗೂ ಗೊತ್ತು. ಆಟ ಮುಗಿದ ಮೇಲೆ ಅವನನ್ನು ಯಾರೂ ಚಾವಡಿಗೆ ಎಳೆದು ತಂದು ವಿಚಾರಣೆ ಮಾಡುವುದಿಲ್ಲ. ಹಾಗಿದ್ದರೆ ರಾಮನ ಪಾತ್ರ ಮಾಡಿದವನಿಗೆ ಮಾತ್ರ ನಾವು ಕೈ ಮುಗಿಯುವುದೇಕೆ? ಕೆಟ್ಟ ವೇಷದ ಪಾಪ ನಟನಿಗೆ ಅಂಟುವುದಿಲ್ಲವೆಂದ ಮೇಲೆ ಒಳ್ಳೆಯ ವೇಷದ ಪುಣ್ಯವೂ ಅಂಟಬಾರದಷ್ಟೆ. ಆದರೆ ಅಂಟುತ್ತದೆ. ಪಾಪವನ್ನು ಮುಖದ ಬಣ್ಣದೊಡನೆ ತೊಳೆದುಕೊಳ್ಳಲು ಬಿಡುವ ನಾವು ಪುಣ್ಯವನ್ನು ಮಾತ್ರ ಅವನ ಮನೆಯವರೆಗೆ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತೇವೆ. ಹೀಗೆ ಕೊಟ್ಟದ್ದು ದಾನವೋ, ಸಾಲವೋ? ಸಾಲವೆಂದಾದರೆ ಅದನ್ನು ತೀರಿಸುವ ಹೊಣೆ ನಟನ ಮೇಲೆ ಉಂಟೆ?

ನಾನು ಮೇಲವಂಕಿಯವನು. ಗೋಕಾಕ ತಾಲೂಕಿನ ಊರು, ಘಟಪ್ರಭೆಯ ಸೀಮೆ. ಶ್ರೀಕೃಷ್ಣಪಾರಿಜಾತದ ಸೀಮೆ ಎಂದರೂ ಸರಿಯೆ. ಆ ಆಟವನ್ನು ಬೆಳೆಸಿ ಮನೆಮಾತಾಗಿಸಿದ ತಮ್ಮಣ್ಣ ಕುಲಗೋಡದವನು. ಅದರಿಂದ ನಾಡಿಗೆಲ್ಲ ಹೆಸರಾದ ನಿಂಗಮ್ಮನವರು ಕೌಜಲಗಿಯವರು. ಇಂಥ ಸೀಮೆಯಲ್ಲಿ ಹುಟ್ಟಿದವರಿಗೆ ದೇವರ ವೇಷವೆಂಬುದು ಹೊಸದಲ್ಲ. ರಾತ್ರಿಯೆಲ್ಲ ಸತ್ಯಭಾಮೆಯ ಮುನಿಸನ್ನು ತಿಳಿಗೊಳಿಸುವ ಕೃಷ್ಣನಿಗೆ ಹೆಂಗಸರು ಆರತಿ ಎತ್ತುತ್ತಾರೆ. ಬೆಳಗಾದರೆ ಅದೇ ಕೃಷ್ಣ ಕಣ್ಣಂಚಿನಲ್ಲಿ ಇನ್ನೂ ಕಾಡಿಗೆ ಉಳಿದಿರುವಾಗಲೇ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಾನೆ. ಆರತಿ ಎತ್ತಿದವಳೇ ಹಾದಿಯಲ್ಲಿ ಅವನನ್ನು ತಡೆದು, ಹೋದ ತಿಂಗಳು ಒಯ್ದ ಜೋಳ ಯಾವಾಗ ಕೊಡುತ್ತೀ ಎಂದು ಕೇಳುತ್ತಾಳೆ. ಇದರಲ್ಲಿ ಅವಳಿಗೆ ವಿರೋಧವೇನೂ ಕಾಣುವುದಿಲ್ಲ. ರಾತ್ರಿಯ ಮುಖ, ಬೆಳಗಿನ ಮುಖ, ಎರಡೂ ಅವಳಿಗೆ ಗೊತ್ತು. ಪುಣ್ಯವೂ ಜೋಳವೂ ಬೇರೆ ಬೇರೆ ಖಾತೆಯಲ್ಲಿ ಇರುತ್ತವೆ.

ಸಿನಿಮಾ ಬಂದು ಮಾಡಿದ ದೊಡ್ಡ ಬದಲಾವಣೆಯೆಂದರೆ ಈ ಬೆಳಗನ್ನು ಅಳಿಸಿದ್ದು. ತೆರೆಯ ಮೇಲಿನ ವೀರ ನಮಗೆ ಹಾದಿಯಲ್ಲಿ ಸಿಕ್ಕುವುದಿಲ್ಲ. ಅವನ ಜೋಳದ ಲೆಕ್ಕ ನಮಗೆ ತಿಳಿಯುವುದಿಲ್ಲ. ಕತ್ತಲೆಯಲ್ಲಿ ಕಂಡದ್ದೇ ಪೂರ್ತಿ ಮನುಷ್ಯನೆಂದು ನಂಬಿ ಹೊರಗೆ ಬರುತ್ತೇವೆ. ಹರೆಯದಲ್ಲಿ ಬೆಳಗಾವಿಯ ಟಾಕೀಸಿನಿಂದ ನಾನು ಹಾಗೆ ನಂಬಿ ಹೊರಗೆ ಬಂದ ಒಬ್ಬ ಮನುಷ್ಯನಿದ್ದ. ಕುದುರೆಯ ಮೇಲೆ ಆರಡಿಗೆ ಮೀರಿದ ಎತ್ತರ, ಸ್ವಲ್ಪ ವಾಲಿದಂತಹ ನಡಿಗೆ, ಮಾತು ಕಡಿಮೆ, ಸೊಂಟದಲ್ಲಿ ಪಿಸ್ತೂಲು. ಅವನಾಡುವ ಇಂಗ್ಲಿಷು ನಮ್ಮಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ್ದರಿಂದ ನಷ್ಟವೇನೂ ಆಗಲಿಲ್ಲ. ಅವನು ಹೆದರುವವನಲ್ಲ ಎಂಬುದೊಂದು ತಿಳಿದರೆ ಸಾಕಾಗಿತ್ತು.

ಅವನೇ ಜಾನ್ ವೇನ್. ಅಯೋವಾ ಪ್ರಾಂತದಲ್ಲಿ 1907ರಲ್ಲಿ ಹುಟ್ಟಿದಾಗ ಅವನ ಹೆಸರು ಮೇರಿಯನ್ ರಾಬರ್ಟ್ ಮಾರಿಸನ್. ಮೇರಿಯನ್ ಎಂಬುದು ಅಲ್ಲಿ ಹೆಂಗಸರಿಗೂ ಇಡುವ ಹೆಸರು. ಕುದುರೆ ಸವಾರನಿಗೆ ಅದು ಒಪ್ಪದೆಂದು ಚಿತ್ರದ ಕಂಪನಿಯವರು ಹೊಸ ಹೆಸರು ಕೊಟ್ಟರು. 1930ರಿಂದ ಹತ್ತು ವರ್ಷ ಅಗ್ಗದ ಚಿತ್ರಗಳಲ್ಲಿ ದುಡಿದು, 1939ರ ‘ಸ್ಟೇಜ್‌ಕೋಚ್’ನಿಂದ ಮೇಲೆ ಬಂದ. ಮುಂದಿನದೆಲ್ಲ ಪ್ರಸಿದ್ಧ: ‘ರೆಡ್ ರಿವರ್’, ‘ದಿ ಸರ್ಚರ್ಸ್’, ಕೊನೆಗೆ ‘ಟ್ರೂ ಗ್ರಿಟ್’ಗಾಗಿ ಬಂದ ಆಸ್ಕರ್. 1979ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನು ಅಮೇರಿಕೆಯ ಧೈರ್ಯಕ್ಕೆ ಇನ್ನೊಂದು ಹೆಸರಾಗಿದ್ದ.

ಆದರೆ 1941ರ ಡಿಸೆಂಬರಿನಲ್ಲಿ ಅವನ ದೇಶ ಯುದ್ಧಕ್ಕಿಳಿದಾಗ ಜಾನ್ ವೇನ್ ಸೈನ್ಯ ಸೇರಲಿಲ್ಲ. ಅವನಿಗಾಗ 34 ವರ್ಷ; ನಾಲ್ಕು ಮಕ್ಕಳ ತಂದೆ. ಕಾನೂನು ಅವನಿಗೆ ವಿನಾಯಿತಿ ಕೊಟ್ಟಿತ್ತು, ಚಿತ್ರದ ಕಂಪನಿಗೂ ಅವನನ್ನು ಬಿಡುವ ಮನಸ್ಸಿರಲಿಲ್ಲ. ಸೈನಿಕರ ಮನರಂಜನೆಗೆಂದು ಪೆಸಿಫಿಕ್ ದ್ವೀಪಗಳಿಗೆ ಒಮ್ಮೆ ಪ್ರವಾಸ ಹೋಗಿ ಬಂದನೇ ಹೊರತು ಸಮವಸ್ತ್ರ ಧರಿಸಿದ್ದು ಕ್ಯಾಮೆರಾದ ಮುಂದೆ ಮಾತ್ರ. ಅವನಿಗಿಂತ ಒಂದೇ ವರ್ಷಕ್ಕೆ ಚಿಕ್ಕವನಾದ ಜೇಮ್ಸ್ ಸ್ಟೂಅರ್ಟ್, ಆಗಲೇ ಆಸ್ಕರ್ ಪಡೆದಿದ್ದ ನಟ, ಯುದ್ಧಕ್ಕೆ ಮೊದಲೇ ಸೈನ್ಯ ಸೇರಿದ. ಮೈತೂಕ ಸಾಲದೆಂದು ಒಮ್ಮೆ ತಿರಸ್ಕಾರವಾದರೂ ಬಿಡಲಿಲ್ಲ. ಬಿ-24 ಬಾಂಬರಿನಲ್ಲಿ ಯುರೋಪಿನ ಮೇಲೆ ಇಪ್ಪತ್ತು ಸಲ ಯುದ್ಧಕ್ಕೆ ಹಾರಿದ. ಮರಳಿದ ಮೇಲೆ ಅವನೂ ಕುದುರೆಯ ಚಿತ್ರಗಳಲ್ಲಿ ಅಭಿನಯಿಸಿದ. ಆದರೆ ಯುದ್ಧದ ಮಾತನ್ನು ಬಹಳ ಆಡಲಿಲ್ಲ.

ಈ ವಿಷಯವನ್ನು ನಮ್ಮೂರ ಒಬ್ಬ ನಿವೃತ್ತ ಮಾಸ್ತರರ ಮುಂದೆ ಹೇಳಿದೆ. ಅವರು ಪಾರಿಜಾತದ ಮೇಳದಲ್ಲಿ ಹಿಮ್ಮೇಳ ಹಾಡಿದವರು. ವೇನನ ಒಂದು ಚಿತ್ರವನ್ನೂ ನೋಡಿದವರಲ್ಲ. ನೋಡದಿದ್ದುದರಿಂದಲೇ ಇರಬೇಕು, ಅವರ ನ್ಯಾಯ ನೇರವಾಗಿತ್ತು.

“ಅಲ್ರೀ, ಅಂವ ನಾಟಕದಾಂವ. ನಾಟಕ ಮಾಡಿದಾ. ಯುದ್ಧಕ್ಕ ಹೋಗ್ತೀನಿ ಅಂತ ನಿಮಗ ಬರದ ಕೊಟ್ಟಿದ್ನೇನು?”

ಬರೆದುಕೊಟ್ಟಿರಲಿಲ್ಲ. ಮಾಸ್ತರರ ಮಾತನ್ನು ನಾನು ಅಷ್ಟರ ಮಟ್ಟಿಗೆ ಪೂರ್ತಿಯಾಗಿ ಒಪ್ಪುತ್ತೇನೆ. ನಾಲ್ಕು ಮಕ್ಕಳ ತಂದೆ ಕಾನೂನಿನ ಪ್ರಕಾರ ಮನೆಯಲ್ಲಿ ಉಳಿದರೆ ಅದು ಅಪರಾಧವಲ್ಲ; ಹಾಗೆ ಉಳಿದ ಲಕ್ಷಾಂತರ ಜನರನ್ನು ನಾವು ಹೇಡಿಗಳೆನ್ನುವುದಿಲ್ಲ. ಧೈರ್ಯದ ಪಾತ್ರ ಮಾಡಿದ ಮಾತ್ರಕ್ಕೆ ಧೈರ್ಯದ ಬಾಳನ್ನು ಬಾಳಬೇಕೆಂದರೆ, ಹರಿಶ್ಚಂದ್ರನ ಪಾತ್ರಕ್ಕೆ ನಮ್ಮಲ್ಲಿ ಯಾರೂ ಬಣ್ಣ ಹಚ್ಚುವಂತಿಲ್ಲ. ವೇಷ ಧರಿಸಿದ ಗಳಿಗೆಯಲ್ಲಿ ಸಾಲ ಹುಟ್ಟುವುದಿಲ್ಲ.

ಅದು ಹುಟ್ಟುವುದು ವೇಷವನ್ನು ಆಟದ ಹೊರಗೆ ನಡೆಸಿದಾಗ. ಅಂಗಡಿಯಲ್ಲಿ ಹಳೆಯ ಹುಂಡಿಯನ್ನು ಚಲಾಯಿಸುವಂತೆ, ನಟನು ತೆರೆಯ ಮೇಲೆ ಗಳಿಸಿದ ಮುಖವನ್ನು ಬೀದಿಯಲ್ಲಿ ತೋರಿಸಿ ಅದರ ಮೇಲೆ ನಂಬಿಕೆಯನ್ನು ಕಡ ತೆಗೆದುಕೊಳ್ಳುವುದುಂಟು. ವಿಯೆಟ್ನಾಮಿನ ಯುದ್ಧ ಉರಿಯುತ್ತಿದ್ದಾಗ, 1968ರಲ್ಲಿ, ವೇನ್ ಅದರ ಪರವಾಗಿ ‘ದಿ ಗ್ರೀನ್ ಬೆರೆಟ್ಸ್’ ಎಂಬ ಚಿತ್ರವನ್ನು ತೆಗೆದು ತಾನೇ ನಾಯಕನಾದ. ಯುದ್ಧವನ್ನು ವಿರೋಧಿಸಿದವರನ್ನು ಬಹಿರಂಗವಾಗಿ ಹಳಿದ. ಹದಿನೆಂಟು ಇಪ್ಪತ್ತರ ಹುಡುಗರಿಗೆ ಅವನ ಮಾತು ತಟ್ಟಿದ್ದು ಅವನಿಗೆ ಯುದ್ಧ ಗೊತ್ತಿದ್ದುದರಿಂದಲ್ಲ. ಗೊತ್ತಿದ್ದಂತೆ ಮೂವತ್ತು ವರ್ಷ ಕಂಡಿದ್ದರಿಂದ. ಆ ಯುದ್ಧ ತಪ್ಪೋ ಸರಿಯೋ ಎಂಬುದು ಬೇರೆ ಮಾತು. ಇನ್ನೊಬ್ಬರ ಮಕ್ಕಳನ್ನು ಸಾಯುವ ಕೆಲಸಕ್ಕೆ ಕರೆಯುವವನು ಮಾಡಿದ ವೇಷವನ್ನು ಸಾಕ್ಷಿಯಾಗಿ ತರಬಾರದು ಎಂದಷ್ಟೆ ನನ್ನ ತಕರಾರು.

ವಿಚಿತ್ರವೆಂದರೆ ಈ ಪ್ರಶ್ನೆಯನ್ನೇ ಕಥೆಯಾಗಿಸಿದ ಚಿತ್ರವೊಂದರಲ್ಲಿ ವೇನ್, ಸ್ಟೂಅರ್ಟ್ ಇಬ್ಬರೂ ಇದ್ದಾರೆ. ಜಾನ್ ಫೋರ್ಡನ 1962ರ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲನ್ಸ್’. ಅದರಲ್ಲಿ ಸ್ಟೂಅರ್ಟ್ ಒಬ್ಬ ವಕೀಲ. ದರೋಡೆಕೋರನನ್ನು ಕೊಂದವನೆಂಬ ಕೀರ್ತಿಯಿಂದ ಅವನು ಸೆನೆಟರನಾಗುತ್ತಾನೆ. ನಿಜಕ್ಕೂ ಕತ್ತಲಲ್ಲಿ ನಿಂತು ಗುಂಡು ಹೊಡೆದವನು ವೇನ್. ಅವನು ಯಾರಿಗೂ ಬೇಡವಾಗಿ ಸಾಯುತ್ತಾನೆ. ಬಾಳಿನಲ್ಲಿ ಕೀರ್ತಿಗೆ ತಕ್ಕುದನ್ನು ಮಾಡಿದವನಿಗೆ ಕಥೆಯಲ್ಲಿ ಸುಳ್ಳು ಕೀರ್ತಿಯ ಪಾತ್ರ. ಮಾಡದೆ ಕೀರ್ತಿ ಉಂಡವನಿಗೆ ನಿಜವಾಗಿ ಮಾಡಿದವನ ಪಾತ್ರ. ಫೋರ್ಡ್ ಯುದ್ಧದಲ್ಲಿ ನೌಕಾದಳದ ಸೇವೆ ಮಾಡಿ ಬಂದವನು. ಬೇಕೆಂದೇ ಹೀಗೆ ಹಂಚಿದನೋ ಏನೋ, ನನಗಂತೂ ಆ ಚಿತ್ರದಲ್ಲಿ ವೇನನ ಮುಖ ನೋಡಿದಾಗ ಕೋಪ ಇಳಿದುಹೋಗುತ್ತದೆ.

ಸಾಲದ ಹೊಣೆಯನ್ನು ಅರಿತು ನಡೆದವರೂ ಇದ್ದಾರೆ. ನಮ್ಮ ರಾಜಕುಮಾರ್ ಅವರು ತೆರೆಯ ಮೇಲೆ ಸೇದದೆ ಕುಡಿಯದೆ ಉಳಿದದ್ದು, ನೋಡುವ ಹುಡುಗ ವೇಷವನ್ನೂ ಮನುಷ್ಯನನ್ನೂ ಬೇರೆ ಮಾಡಲಾರ ಎಂದು ತಿಳಿದಿದ್ದರಿಂದಲೇ. 1982ರಲ್ಲಿ ಗೋಕಾಕ ವರದಿಗಾಗಿ ಅವರು ಬೀದಿಗಿಳಿದಾಗಲೂ ಚಲಾಯಿಸಿದ್ದು ತೆರೆಯ ಮೇಲಿನ ಮುಖವನ್ನೇ. ಆದರೆ ಬಿಸಿಲಿನಲ್ಲಿ ತಾವೂ ನಿಂತರು. (ಆ ಚಳವಳಿ ಗೋಕಾಕದಲ್ಲಿ ನಡೆಯಿತೆಂದು ತಿಳಿದವರು ಈಗಲೂ ಸಿಗುತ್ತಾರೆ. ಅದು ಸಮಿತಿಯ ಅಧ್ಯಕ್ಷರಾಗಿದ್ದ ವಿ. ಕೃ. ಗೋಕಾಕರ ಹೆಸರು; ಅವರು ಹುಟ್ಟಿದ್ದು ಸವಣೂರಿನಲ್ಲಿ. ನಮ್ಮ ಊರಿನ ಪಾಲಿಗೆ ಬಂದದ್ದು ಹೆಸರು ಮಾತ್ರ.)

ಇಷ್ಟು ಹೊತ್ತು ನಟನು ನಮಗೆ ಕೊಡಬೇಕಾದ ಸಾಲದ ಮಾತಾಯಿತು. ಲೆಕ್ಕ ತಿರುವುಮುರುವಾದ ಒಬ್ಬ ನಟನೂ ಇದ್ದಾನೆ, ಅವನು ನಮ್ಮ ರಾಜ್ಯದವನೇ. ಹೆಗ್ಗಡದೇವನಕೋಟೆಯ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು. ಮೈಸೂರು ಅರಮನೆಯ ಆನೆ ಲಾಯದ ಮಾವುತನ ಮಗ. ಎಳವೆಯಲ್ಲೇ ತಾಯಿ ಹೋದಳು, ಮುಂದೆ ತಂದೆಯೂ ಹೋದ. ರಾಬರ್ಟ್ ಫ್ಲಾಹರ್ಟಿ ಎಂಬ ಅಮೇರಿಕನ್ ನಿರ್ದೇಶಕ ಕಿಪ್ಲಿಂಗನ ಆನೆಯ ಕಥೆಯನ್ನು ಚಿತ್ರ ಮಾಡಲು ಮೈಸೂರಿಗೆ ಬಂದಾಗ ಈ ಹುಡುಗ ಕಣ್ಣಿಗೆ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂದಾಗ ಅವನಿಗೆ 13 ವರ್ಷ. ಲಂಡನ್ ಪಟ್ಟಣ ಅವನ ಹೆಸರನ್ನು ಕೂಗುತ್ತಿತ್ತು. ಅಭಿನಯ ಕಲಿತವನಲ್ಲ. ಆನೆಯೊಡನೆ ಅವನು ನಡೆದುಕೊಂಡದ್ದು ದಿನವೂ ನಡೆದುಕೊಳ್ಳುತ್ತಿದ್ದ ಹಾಗೆ. ಬೆಳಗಿನ ಮುಖವೇ ರಾತ್ರಿಯ ಮುಖವಾಗಿದ್ದ ಏಕೈಕ ಚಿತ್ರ ಅದು.

ಮರುವರ್ಷದ ‘ದಿ ಡ್ರಮ್’ನಲ್ಲಿ ಅವನು ಬ್ರಿಟಿಷರಿಗೆ ನಿಷ್ಠನಾದ ಗಡಿನಾಡಿನ ರಾಜಕುಮಾರ. ಮುಂಬಯಿಯಲ್ಲಿ ಆ ಚಿತ್ರದ ವಿರುದ್ಧ ಜನ ಪ್ರತಿಭಟಿಸಿದರು, ಪ್ರತಿಭಟಿಸಿದ್ದು ನ್ಯಾಯ. ಆದರೆ ಹದಿನಾಲ್ಕರ ಅನಾಥ ಹುಡುಗನ ಖಾತೆಗೆ ಅದನ್ನು ಬರೆಯಲು ನನ್ನ ಕೈ ಏಳುವುದಿಲ್ಲ. ಬರೆಯಬೇಕಾದದ್ದು ಬರೆದುಕೊಟ್ಟವರ ಖಾತೆಗೆ. ಆಮೇಲೆ ‘ದಿ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’, ‘ಅರೇಬಿಯನ್ ನೈಟ್ಸ್’. ಹೆಸರು ಬೇರೆ ಬೇರೆ. ಮೈಮೇಲೆ ಬಟ್ಟೆ ಮಾತ್ರ ಹೆಚ್ಚಾಗಲಿಲ್ಲ.

1944ರಲ್ಲಿ ಅವನು ಅಮೇರಿಕೆಯ ಪ್ರಜೆಯಾಗಿ ವಿಮಾನದಳ ಸೇರಿದ. ಸ್ಟೂಅರ್ಟ್ ಹಾರಿಸಿದಂಥದೇ ಬಿ-24 ವಿಮಾನ. ಇವನ ಜಾಗ ಅದರ ಬಾಲದ ತುದಿಯ ಗಾಜಿನ ಗೂಡು. ಹಿಂದಿನಿಂದ ಎರಗುವ ಶತ್ರುವಿಗೆ ಮೊದಲು ಎದುರಾಗುವವನು ಅಲ್ಲಿನ ಬಂದೂಕುಗಾರ. ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಸಲ ಹಾರಿ, ಶೌರ್ಯಕ್ಕಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪಡೆದ. ಆಗ ಅವನಿಗೆ ವಯಸ್ಸು ಇಪ್ಪತ್ತರ ಆಸುಪಾಸು.

ಹಾಲಿವುಡ್ ಆ ಹೊತ್ತಿನಲ್ಲಿ ವೇನನಿಗೆ ಸಮವಸ್ತ್ರ ಹೊಲಿಸುತ್ತಿತ್ತು. 1949ರಲ್ಲಿ ಅವನು ‘ಸ್ಯಾಂಡ್ಸ್ ಆಫ್ ಐವೊ ಜಿಮಾ’ದ ಸಾರ್ಜೆಂಟನಾಗಿ ಪೆಸಿಫಿಕ್ ಯುದ್ಧವನ್ನು ತೆರೆಯ ಮೇಲೆ ಮಾಡಿದ. ಪೆಸಿಫಿಕ್ ಯುದ್ಧವನ್ನು ನಿಜವಾಗಿ ಮಾಡಿದ್ದ ಸಾಬುವಿಗೆ ಮರಳಿ ಬಂದ ಮೇಲೆ ಸಿಕ್ಕಿದ್ದು ಬಹುಮಟ್ಟಿಗೆ ಹಳೆಯ ಕಾಡು, ಹಳೆಯ ಆನೆ. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಒಂದರಲ್ಲಿ ಅವನಿಗೆ ಮೈತುಂಬ ಒಳ್ಳೆಯ ಬಟ್ಟೆ ತೊಡುವ ರಾಜಕುಮಾರನ ಪಾತ್ರ ಬಂತು, ಚೆನ್ನಾಗಿಯೇ ಮಾಡಿದ. ಆದರೂ ನೋಡುವವರು ಅವನನ್ನು ಹುಡುಗನೆಂದೇ ಹಟ ಹಿಡಿದಿದ್ದರು. ಮದುವೆಯಾಗಿ ಮಕ್ಕಳ ತಂದೆಯಾದರೂ ಅವರ ಪಾಲಿಗೆ ಅವನು ಕಾಡಿನ ಪೋರ.

ಇಲ್ಲಿ ವೇಷ ಚಿಕ್ಕದು, ಮನುಷ್ಯ ದೊಡ್ಡವನು. ಅವನು ತನ್ನ ಪದಕವನ್ನು ಎಲ್ಲಿಯೂ ಹುಂಡಿಯಾಗಿ ಚಲಾಯಿಸಲಿಲ್ಲ. ಚಲಾಯಿಸಿದ್ದರೂ ಯಾರು ತೆಗೆದುಕೊಳ್ಳುತ್ತಿದ್ದರು? ಧೈರ್ಯಕ್ಕೆ ಒಂದು ಬಣ್ಣ, ಒಂದು ಎತ್ತರ, ಒಂದು ಟೋಪಿ ಇರಬೇಕೆಂದು ಜನ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಬೆಳಗಾವಿಯ ಆ ಕತ್ತಲೆಯಲ್ಲಿ ನನ್ನ ಜೊತೆ ಕುಳಿತವರೂ ತೀರ್ಮಾನಿಸಿದ್ದು ಅದನ್ನೇ, ಅದೂ ಕಾರಾಪುರವಿರುವ ರಾಜ್ಯದಲ್ಲಿ ಕುಳಿತು. ವೇನನಿಗೆ ಅಳತೆ ಮೀರಿ ಕೊಟ್ಟದ್ದನ್ನು ಅವನು ತೀರಿಸಲಿಲ್ಲವೆಂದು ದೂರುವುದು ಸುಲಭ. ಸಾಬುವಿಗೆ ಕೊಡಬೇಕಾದದ್ದನ್ನು ನೋಡುವವರು ಎಲ್ಲಿ ಕೊಟ್ಟರು? ಮೇಳದ ಕೃಷ್ಣನ ಜೋಳ ಕೇಳಿದ ಹೆಂಗಸಿಗೆ ಅವನ ಬೆಳಗು ಗೊತ್ತಿತ್ತು. ಸಾಬುವಿನ ಬೆಳಗು ಪೆಸಿಫಿಕ್ಕಿನ ಮೇಲೆ, ಆ ಗಾಜಿನ ಗೂಡಿನಲ್ಲಿ, ನಮ್ಮ ಕಣ್ಣಿಗೆ ಬೀಳದೆ ಆಗಿಹೋಯಿತು.

ಮೆಹಬೂಬ್ ಖಾನರು ‘ಮದರ್ ಇಂಡಿಯಾ’ದ ಬಿರ್ಜೂ ಪಾತ್ರಕ್ಕೆ ಮೊದಲು ನೆನೆದದ್ದು ಸಾಬುವನ್ನು. ಅದು ಕೈಗೂಡದೆ ಪಾತ್ರ ಸುನೀಲ್ ದತ್ತರಿಗೆ ಹೋಯಿತು. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ಸಾಬು ಸತ್ತ, ನಲವತ್ತು ತುಂಬಿರಲಿಲ್ಲ. ಅವನ ಕೊನೆಯ ಚಿತ್ರ ‘ಎ ಟೈಗರ್ ವಾಕ್ಸ್’ ತೆರೆಗೆ ಬಂದದ್ದು 1964ರಲ್ಲಿ. ಅದರಲ್ಲಿಯೂ ಅವನಿಗೆ ಇದ್ದ ಕೆಲಸ, ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯೊಂದನ್ನು ಹಿಡಿಯಲು ನೆರವಾಗುವುದು.