ತನ್ನನ್ನು ತಾನೇ ತಿದ್ದಿಕೊಳ್ಳುವ ಗಡಿಯಾರ

ಗೃಹಸ್ಥನು ಮನೆಗೆ ತರುವ ವಸ್ತುಗಳಲ್ಲಿ ಹೆಚ್ಚಿನವು ಕೈಗೆ ನೆರವಾಗುವಂಥವು. ಕೆಲವು ಕಣ್ಣಿಗೆ ಹಿತವಾಗುವಂಥವು. ಗಡಿಯಾರವು ಇವೆರಡಕ್ಕಿಂತ ಬೇರೆಯಾದ ಜಾತಿಯದು. ಅದು ಮಾತನಾಡುವ ವಸ್ತು. ಆಡುವುದು ಒಂದೇ ಮಾತಾದರೂ ಆ ಮಾತಿಗೆ ಮನೆಯವರೆಲ್ಲರೂ ತಲೆಬಾಗುವರು. ಮಕ್ಕಳು ಶಾಲೆಗೆ ಹೊರಡುವುದು, ರೋಗಿಗೆ ಹೊತ್ತುಹೊತ್ತಿಗೆ ಔಷಧ ಕೊಡುವುದು, ಪ್ರಯಾಣಿಕನು ರೈಲಿಗೆ ಧಾವಿಸುವುದು, ಎಲ್ಲವೂ ಅದರ ಮಾತನ್ನು ನಂಬಿಯೇ ನಡೆಯುತ್ತವೆ. ಆದುದರಿಂದ ಗಡಿಯಾರವನ್ನು ಆರಿಸುವವನು ಮನೆಗೆ ಒಬ್ಬ ಸಾಕ್ಷಿಯನ್ನು ನೇಮಿಸಿಕೊಂಡಂತೆಯೇ ಸರಿ. ಎಂತಹ ಸಾಕ್ಷಿಯನ್ನು ನಂಬಬೇಕು, ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಯು ಇಲ್ಲಿ ತಾನಾಗಿಯೇ ಏಳುವುದು.

ಗಳಿಗೆ ಬಟ್ಟಲಿನ ಕಾಲದಲ್ಲಿ ಈ ಪ್ರಶ್ನೆಗೆ ಎಡೆಯಿರಲಿಲ್ಲ. ತಳದಲ್ಲಿ ಸಣ್ಣ ರಂಧ್ರವುಳ್ಳ ಆ ಬಟ್ಟಲು ನೀರಿನ ಮೇಲೆ ತೇಲುತ್ತ, ಒಂದು ಗಳಿಗೆಗೆ, ಎಂದರೆ 24 ನಿಮಿಷಕ್ಕೆ, ತುಂಬಿ ಮುಳುಗುತ್ತಿತ್ತು. ಅದನ್ನು ಎತ್ತಿ ಮರಳಿ ತೇಲಿಬಿಡುವುದಕ್ಕೆ ಒಬ್ಬನು ಎಚ್ಚರವಾಗಿ ಕುಳಿತಿರಬೇಕಾಗಿತ್ತು. ಅನಂತರ ಬಂದ ಲೋಲಕದ ಗಡಿಯಾರವು ವಾರಕ್ಕೊಮ್ಮೆ ಕೀಲಿಯನ್ನು ಬೇಡಿತು. ಅದು ಮುಂದೆ ಓಡುವ ಸ್ವಭಾವದ್ದೋ ಹಿಂದೆ ಬೀಳುವ ಸ್ವಭಾವದ್ದೋ ಮನೆಯ ಮಕ್ಕಳಿಗೂ ತಿಳಿದಿತ್ತು. ಗಡಿಯಾರಗಳು ತಪ್ಪುತ್ತಿದ್ದವು, ತಪ್ಪುವುವೆಂದು ಎಲ್ಲರೂ ಬಲ್ಲವರಾಗಿದ್ದರು, ತಿದ್ದುವ ಹೊಣೆಯನ್ನು ಮನೆಯಲ್ಲಿ ಯಾರಾದರೊಬ್ಬರು ಹೊತ್ತಿದ್ದರು.

ಮೈಸೂರಿನಲ್ಲಿ ಅಂಥದೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಹಜಾರದ ಹಳೆಯ ಗಡಿಯಾರಕ್ಕೆ ಪ್ರತಿ ಭಾನುವಾರ ಬೆಳಗ್ಗೆ ಕೀಲಿ ಕೊಡುವುದು ಹಿರಿಯರ ಕೆಲಸ. ಕಣ್ಣು ಮಂಜಾಗಿದೆ, ಸ್ಟೂಲು ಹತ್ತಲು ಮೊಣಕಾಲು ಒಪ್ಪುವುದಿಲ್ಲ. ಆದರೂ ಆ ಕೆಲಸವನ್ನು ಅವರು ಇನ್ನೊಬ್ಬರಿಗೆ ಬಿಟ್ಟವರಲ್ಲ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಉದ್ಯೋಗದಲ್ಲಿರುವ ಮಗನು ರಜೆಗೆ ಬರುವಾಗ, ತಂದೆಯ ಶ್ರಮವನ್ನು ತಪ್ಪಿಸಬೇಕೆಂಬ ಪ್ರೀತಿಯಿಂದ, ತನ್ನನ್ನು ತಾನೇ ತಿದ್ದಿಕೊಳ್ಳುವ ರೇಡಿಯೋ ಗಡಿಯಾರವೊಂದನ್ನು ತರುತ್ತಾನೆ. “ಅಪ್ಪಾ, ಇನ್ನು ಮೇಲೆ ನೀವು ಇದನ್ನು ಮುಟ್ಟಬೇಕಾದುದೇ ಇಲ್ಲ” ಎನ್ನುತ್ತಾನೆ. ಮಗನು ಕೊಟ್ಟುದು ವಿಶ್ರಾಂತಿ. ತಂದೆಯ ಕಿವಿಗೆ ಅದು ಕೆಲಸದಿಂದ ಬಿಡುಗಡೆ ಮಾಡಿದ ಹುಕುಮಿನಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಇಬ್ಬರಲ್ಲಿ ಯಾರ ಎಣಿಕೆ ಸರಿಯೆಂದು ನಿರ್ಣಯಿಸುವ ಮೊದಲು ಆ ಯಂತ್ರದ ಗುಣವನ್ನು ಅರಿಯಬೇಕು.

ಫ್ರಾಂಕ್‌ಫರ್ಟಿನ ಸಮೀಪದಲ್ಲಿ ಮೈನ್‌ಫ್ಲಿಂಗೆನ್ ಎಂಬ ಊರಿದೆ. ಅಲ್ಲಿಂದ ಡಿಸಿಎಫ್ 77 ಎಂಬ ಕೇಂದ್ರವು 1959ರಿಂದ 77.5 ಕಿಲೋಹರ್ಟ್ಸಿನ ದೀರ್ಘ ತರಂಗಗಳನ್ನು ಪ್ರಸಾರ ಮಾಡುತ್ತಿದೆ. 1973ರಿಂದ ಆ ತರಂಗಗಳು ಗಂಟೆ, ನಿಮಿಷ, ತಾರೀಖುಗಳನ್ನೂ ಹೊತ್ತು ಬರುತ್ತಿವೆ. ಸೆಕೆಂಡಿನ ಆರಂಭದಲ್ಲಿ ತರಂಗದ ಬಲವು ತುಸು ಹೊತ್ತು ಕುಗ್ಗುವುದು. ಸೆಕೆಂಡಿನ ಹತ್ತರಲ್ಲೊಂದು ಪಾಲು ಕುಗ್ಗಿದರೆ ಒಂದು ಅರ್ಥ, ಹತ್ತರಲ್ಲೆರಡು ಪಾಲು ಕುಗ್ಗಿದರೆ ಇನ್ನೊಂದು. ಛಂದಸ್ಸಿನ ಲಘು ಗುರುಗಳಂತಿರುವ ಈ ಸಾಲನ್ನು ಒಂದು ನಿಮಿಷ ಪೂರ್ತಿ ಆಲಿಸಿದರೆ ಹೊತ್ತೆಷ್ಟೆಂಬುದು ತಿಳಿಯುವುದು. ಇದರ ಹಿಂದೆ ಸೀಸಿಯಂ ಪರಮಾಣುವಿನ ಗಡಿಯಾರಗಳಿವೆ. 1967ರಲ್ಲಿ ಆದ ನಿರ್ಣಯದಂತೆ ಸೀಸಿಯಂ ಪರಮಾಣುವಿನ ವಿಕಿರಣವು 919 ಕೋಟಿ 26 ಲಕ್ಷ 31 ಸಾವಿರದ 770 ಬಾರಿ ಸ್ಪಂದಿಸಲು ಹಿಡಿಯುವ ಕಾಲವೇ ಒಂದು ಸೆಕೆಂಡು. ಆದರೆ ಮನೆಯ ಗೋಡೆಗೆ ಬರುವುದು ಪರಮಾಣು ಗಡಿಯಾರವೆಂದು ಭ್ರಮಿಸಬಾರದು. ಅದರ ಒಡಲಲ್ಲಿರುವುದು ಅಗ್ಗದ ಗಡಿಯಾರದಲ್ಲಿರುವಂಥ ಕ್ವಾರ್ಟ್ಸ್ ಸ್ಫಟಿಕವೇ. ದಿನಕ್ಕೆ ಅರ್ಧ ಸೆಕೆಂಡಿನಷ್ಟು ಅದೂ ತಪ್ಪಬಹುದು. ಅದರ ವಿಶೇಷವಿಷ್ಟೆ: ರಾತ್ರಿ ಎಲ್ಲರೂ ಮಲಗಿರುವಾಗ ದೂರದ ಮಾತನ್ನು ಆಲಿಸಿ, ಆ ದಿನದ ತಪ್ಪನ್ನು ಆ ದಿನವೇ ತಿದ್ದಿಕೊಳ್ಳುವುದು.

ಕೀಲಿ ಕೊಡುವ ಕೆಲಸವು ಚಿಕ್ಕದಾದರೂ ಅದರಲ್ಲಿ ಒಂದು ನಿಷ್ಠೆಯಿತ್ತು. ಅದನ್ನು ಯಂತ್ರಕ್ಕೆ ಒಪ್ಪಿಸಿದವನು ತನ್ನ ಎಚ್ಚರವನ್ನೂ ಒಪ್ಪಿಸಿದಂತಾಯಿತು. ಮೇಲಾಗಿ, ಇನ್ನೊಬ್ಬರಿಂದ ಹೇಳಿಸಿಕೊಂಡು ಸರಿಯಾಗಿರುವುದರಲ್ಲಿ ಗಡಿಯಾರದ ಹಿರಿಮೆಯೇನು? ಹೀಗೆಂದು ಆಕ್ಷೇಪಿಸುವವರುಂಟು. ಇದರ ಕಡೆಯ ಭಾಗಕ್ಕೆ ಸಮಾಧಾನ ಸುಲಭ. ಹಳೆಯ ಗಡಿಯಾರವನ್ನು ಕೂಡ ಹಿರಿಯರು ರೇಡಿಯೋದಲ್ಲಿ ಹೇಳುವ ಸಮಯವನ್ನು ಕೇಳಿಯೇ ತಿದ್ದುತ್ತಿದ್ದರು. ಯಾವ ಗಡಿಯಾರವೂ ತನ್ನಷ್ಟಕ್ಕೆ ತಾನು ಸರಿಯಾದ ಹೊತ್ತನ್ನು ಅರಿಯಲಾರದು. ವೈಣಿಕನು ಕಚೇರಿಗೆ ಮೊದಲು ತಂತಿಯನ್ನು ಶ್ರುತಿಗೆ ಕೂಡಿಸಿಕೊಳ್ಳುವುದು ಅವನ ವಿದ್ವತ್ತಿಗೆ ಕುಂದಲ್ಲ, ಕೂಡಿಸಿಕೊಳ್ಳದಿರುವುದೇ ಕುಂದು. ತಾನು ತಪ್ಪಿರಬಹುದೆಂದು ಪ್ರತಿದಿನವೂ ಒಪ್ಪಿಕೊಳ್ಳುವ ಯಂತ್ರದಲ್ಲಿ ಮನುಷ್ಯನು ಕಲಿಯಬೇಕಾದ ವಿನಯವೊಂದಿದೆ. ಆದರೆ ಆಕ್ಷೇಪದ ಮೊದಲ ಭಾಗವು ಇಷ್ಟಕ್ಕೇ ತೀರುವುದಿಲ್ಲ. ಎಚ್ಚರವನ್ನೇ ಒಪ್ಪಿಸಿಬಿಡಬಹುದೆ? ಈಚಿನ ವರ್ಷಗಳಲ್ಲಿ ನಡೆದ ಎರಡು ಸಂಗತಿಗಳು ಇದಕ್ಕೆ ಬೆಳಕು ಕೊಡುತ್ತವೆ.

ಯೂರೋಪಿನ ಮನೆಗಳಲ್ಲಿ, ಅಡಿಗೆಯ ವಿದ್ಯುತ್ ಒಲೆಗಳ ಮೇಲೆ ಮುಖ್ಯವಾಗಿ, ಇನ್ನೊಂದು ಬಗೆಯ ಗಡಿಯಾರಗಳಿವೆ. ಅವು ವಿದ್ಯುತ್ ಪ್ರವಾಹವು ಸೆಕೆಂಡಿಗೆ 50 ಬಾರಿ ಸ್ಪಂದಿಸುವುದೆಂದು ನಂಬಿ, ಆ ಸ್ಪಂದನಗಳನ್ನು ಎಣಿಸಿ ಹೊತ್ತನ್ನು ಹೇಳುತ್ತವೆ. 2018ರ ಜನವರಿಯ ನಡುವಿನಿಂದ ಮಾರ್ಚಿಯ ಆರಂಭದವರೆಗೆ, ಸರ್ಬಿಯಾ ಕೊಸೊವೊಗಳ ನಡುವಣ ವಿವಾದದಿಂದ ಜಾಲಕ್ಕೆ ಸಲ್ಲಬೇಕಾದ ವಿದ್ಯುತ್ತು ಸಲ್ಲದೆ, ಸ್ಪಂದನವು ಎಳ್ಳಷ್ಟು ಕುಂದಿತು. ಹಲವು ದೇಶಗಳಲ್ಲಿ ಆ ಗಡಿಯಾರಗಳು ಸುಮಾರು ಆರು ನಿಮಿಷ ಹಿಂದೆ ಬಿದ್ದುವು. ಅವೂ ವಿಧೇಯವಾದ ಗಡಿಯಾರಗಳೇ; ಆದರೆ ಅವು ನಂಬಿದ್ದ ಜಾಲದ ಮುಖ್ಯ ಕಾರ್ಯವು ದೀಪ ಉರಿಸುವುದು, ಯಂತ್ರ ನಡೆಸುವುದು. ಮೈನ್‌ಫ್ಲಿಂಗೆನ್ನಿನ ಪ್ರಸಾರದ ಸ್ಥಿತಿ ಬೇರೆ. ಹೊತ್ತನ್ನು ಸಾರುವ ಹೊಣೆಯನ್ನು ಜರ್ಮನಿಯು 1978ರಲ್ಲಿ ಶಾಸನದ ಮೂಲಕವೇ ಬ್ರೌನ್‌ಷ್ವೈಗ್ ನಗರದ ರಾಷ್ಟ್ರೀಯ ಮಾಪನ ಸಂಸ್ಥೆಗೆ ವಹಿಸಿದೆ. ಯಾರ ಮಾತನ್ನು ನಂಬುವೆವೋ ಆ ಮಾತಿನ ಹೊಣೆಯನ್ನು ಅವರು ಹೊತ್ತಿರುವರೇ ಎಂದು ವಿಚಾರಿಸುವುದು ವಿವೇಕದ ಮೊದಲನೆಯ ಹೆಜ್ಜೆ.

ಹೊಣೆ ಹೊತ್ತವರೂ ಒಮ್ಮೊಮ್ಮೆ ಮೌನವಾಗಬೇಕಾಗುವುದೆಂಬುದನ್ನು ಎರಡನೆಯ ಸಂಗತಿ ತೋರಿಸುತ್ತದೆ. ಜಪಾನಿನ ಫುಕುಷಿಮಾ ಪ್ರಾಂತದ ಬೆಟ್ಟವೊಂದರ ಮೇಲೆ 40 ಕಿಲೋಹರ್ಟ್ಸಿನಲ್ಲಿ ಕಾಲವನ್ನು ಸಾರುವ ಕೇಂದ್ರವಿದೆ. 2011ರ ಮಾರ್ಚಿಯಲ್ಲಿ ಭೂಕಂಪ ಸುನಾಮಿಗಳಾಗಿ ಅಣು ವಿದ್ಯುದಾಗಾರವು ಕೆಟ್ಟಾಗ, ಅದರ ಸುತ್ತಣ 20 ಕಿಲೋಮೀಟರಿನೊಳಗಿದ್ದವರೆಲ್ಲ ಊರು ಬಿಡಬೇಕಾಯಿತು. ಕಾಲದ ಕೇಂದ್ರವೂ ಆ ಎಲ್ಲೆಯೊಳಗೇ ಇದ್ದಿತು. ನೋಡಿಕೊಳ್ಳುವವರು ತೆರಳಿದರು, ಪ್ರಸಾರವು ನಿಂತು, ಏಪ್ರಿಲಿನಲ್ಲಿ ಮರಳಿ ಮೊದಲಾಯಿತು. ಆ ದಿನಗಳಲ್ಲಿ ಅದನ್ನೇ ಆಲಿಸುತ್ತಿದ್ದ ಗಡಿಯಾರಗಳು ನಿಲ್ಲಲಿಲ್ಲ. ತಮ್ಮ ಸ್ಫಟಿಕವನ್ನು ನಂಬಿ, ದಿನದಿನಕ್ಕೆ ಇಷ್ಟಿಷ್ಟು ತಪ್ಪುತ್ತ, ಮೊದಲಿನ ಮುಖದಿಂದಲೇ ಹೊತ್ತು ಹೇಳುತ್ತಿದ್ದುವು. ಇಂತಹ ಸಾಕ್ಷಿಯಲ್ಲಿ ಭಯಪಡಬೇಕಾದ ದೋಷವಿದು. ಕೇಳಿ ಹೇಳುವಾಗಲೂ, ಕೇಳದೆ ಊಹಿಸಿ ಹೇಳುವಾಗಲೂ ಅದರ ದನಿ ಒಂದೇ ಆಗಿರುವುದು.

ಮೈಸೂರಿನ ಮನೆಯಲ್ಲಿ ನಡೆಯುವುದೂ ಇದೇ. ಜರ್ಮನಿಯ ಪ್ರಸಾರವು ಕೇಳಿಸುವುದು ಸುಮಾರು 2,000 ಕಿಲೋಮೀಟರಿನವರೆಗೆ. ಮೈಸೂರು ಅಲ್ಲಿಗೆ 7,000 ಕಿಲೋಮೀಟರಿಗೂ ಮಿಕ್ಕ ದೂರ. ಭಾರತದಲ್ಲಿ ಅಂತಹ ದೀರ್ಘ ತರಂಗದ ಕಾಲಪ್ರಸಾರವಿಲ್ಲ. ಬ್ಯಾಟರಿ ಹಾಕಿದೊಡನೆ ಮುಳ್ಳುಗಳು 12ಕ್ಕೆ ಓಡಿ ನಿಂತು, ಬಾರದ ಮಾತಿಗಾಗಿ ಕಾಯುವುವು. ಕಡೆಗೆ ಮಗನು ಗುಂಡಿಯೊತ್ತಿ ಕೈಯಿಂದಲೇ ಹೊತ್ತನ್ನು ಕೂಡಿಸಬೇಕಾಗುವುದು. ಅಂದಿನಿಂದ ಅದು ಸಾಮಾನ್ಯ ಗಡಿಯಾರ. ಬಂದವರು ಮಾತ್ರ “ಇದು ತಪ್ಪುವುದೇ ಇಲ್ಲವಂತೆ” ಎಂದುಕೊಳ್ಳುವರು. ಹಳೆಯ ಗಡಿಯಾರವು ಎರಡು ನಿಮಿಷ ತಪ್ಪಿದರೆ ಯಾರಿಗೂ ಕೇಡಿರಲಿಲ್ಲ, ಏಕೆಂದರೆ ಅದನ್ನು ಯಾರೂ ಪೂರ್ತಿ ನಂಬಿರಲಿಲ್ಲ. ಪೂರ್ತಿ ನಂಬಿದ ಗಡಿಯಾರವು ಎರಡು ನಿಮಿಷ ತಪ್ಪಿದರೆ ರೈಲು ತಪ್ಪುವುದು.

ಇಷ್ಟನ್ನು ತಿಳಿದ ಮೇಲೆ ಆರಿಸುವ ಬಗೆಯು ಕಷ್ಟವಲ್ಲ. ವಾಸಿಸುವ ನೆಲಕ್ಕೆ ಯಾವ ಕೇಂದ್ರದ ಮಾತು ಕೇಳಿಸುವುದೋ ಅದರ ಭಾಷೆಯನ್ನರಿತ ಗಡಿಯಾರವನ್ನೇ ಕೊಳ್ಳಬೇಕು. ಇಂಗ್ಲೆಂಡಿನ ಆನ್‌ಥಾರ್ನ್, ಅಮೆರಿಕದ ಫೋರ್ಟ್ ಕಾಲಿನ್ಸ್ ಎರಡೂ 60 ಕಿಲೋಹರ್ಟ್ಸಿನಲ್ಲಿಯೇ ಪ್ರಸಾರ ಮಾಡಿದರೂ ಸಂಕೇತಗಳು ಬೇರೆ. ಒಂದಕ್ಕಾಗಿ ಮಾಡಿದುದು ಇನ್ನೊಂದನ್ನು ಅರಿಯದು. ಅಮೆರಿಕದಲ್ಲಾದರೆ ಪ್ರದೇಶದ ಸಮಯವನ್ನು ಆರಿಸುವ ಏರ್ಪಾಡೂ ಇರಬೇಕು. ಕಬ್ಬಿಣದ ಬೀರು, ಟೆಲಿವಿಷನ್, ಉಕ್ಕು ಹುದುಗಿದ ಗೋಡೆ ಇವುಗಳಿಂದ ದೂರವಾಗಿ, ಕಿಟಕಿಯ ಸಮೀಪದಲ್ಲಿ ತೂಗುಹಾಕುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಸಾರವನ್ನು ಕೇಳಿತೋ ಇಲ್ಲವೋ ಎಂಬುದನ್ನು ಮುಖದ ಮೇಲೆ ಗುರುತಿನಿಂದ ತೋರಿಸುವ ಗಡಿಯಾರವನ್ನೇ ಆರಿಸಬೇಕು. ಭಾರತದಲ್ಲಿರುವವರು ಅಂತರ್ಜಾಲದಿಂದ ಹೊತ್ತು ತಿಳಿಯುವ ಗಡಿಯಾರವನ್ನು ಕೊಳ್ಳಬಹುದು. ಇಲ್ಲವೆ ಸಾಮಾನ್ಯ ಗಡಿಯಾರವನ್ನೇ ಇಟ್ಟುಕೊಂಡು ತಿಂಗಳಿಗೊಮ್ಮೆ ತಿದ್ದಿಕೊಳ್ಳಬಹುದು.

ತಂದೆ ಮಕ್ಕಳ ಮಾತಿಗೆ ಮರಳಿದರೆ, ಇಬ್ಬರ ಎಣಿಕೆಯಲ್ಲಿಯೂ ಅರ್ಧ ಸತ್ಯವಿದೆ. ಮಗನು ತಪ್ಪಿಸಬಯಸಿದ್ದು ಸ್ಟೂಲು ಹತ್ತುವ ಶ್ರಮವನ್ನು. ತಂದೆ ಉಳಿಸಿಕೊಳ್ಳಬಯಸಿದ್ದು ಮನೆಯ ಎಚ್ಚರವನ್ನು. ಶ್ರಮವನ್ನು ಯಂತ್ರಕ್ಕೆ ಸಂತೋಷವಾಗಿ ಒಪ್ಪಿಸಬಹುದು. ಆದರೆ ಯಂತ್ರವು ಎಷ್ಟೇ ನಿಷ್ಠೆಯಿಂದ ತಿದ್ದಿಕೊಳ್ಳಲಿ, ಅದು ಇಂದು ತಿದ್ದಿಕೊಂಡಿತೆ ಎಂದು ಕೇಳುವವರು ಮನೆಯಲ್ಲಿ ಒಬ್ಬರಿರಲೇಬೇಕು. ಆ ಕೇಳುವಿಕೆಗೆ ಕಣ್ಣು ಮೊಣಕಾಲುಗಳ ಬಲ ಬೇಡ. ಕುರ್ಚಿಯಲ್ಲಿ ಕುಳಿತೇ ಕೇಳಬಹುದು. ಮಗನು ಗಡಿಯಾರವನ್ನು ಗೋಡೆಗೇರಿಸುವಾಗ “ನೀವು ಮುಟ್ಟಬೇಕಾದುದಿಲ್ಲ” ಎಂದಷ್ಟೇ ಹೇಳದೆ, “ಅಪ್ಪಾ, ಇದು ಸರಿಯಾಗಿದೆಯೇ ಎಂದು ನೀವು ಆಗಾಗ ನೋಡುತ್ತಿರಬೇಕು” ಎಂದೂ ಸೇರಿಸಿದರೆ, ಗಡಿಯಾರವೂ ಸರಿಯಾಗಿರುವುದು, ಮನೆಯೂ ಸರಿಯಾಗಿರುವುದು.