ನಕ್ಷಿಗೆ ತೂಕವಿಲ್ಲ

ಬೆಳ್ಳಿ ಅಂಗಡಿಯಲ್ಲಿ ಒಂದು ಲೆಕ್ಕವಿದೆ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಕೊಳ್ಳುವಾಗ ಬೆಳ್ಳಿಯ ತೂಕಕ್ಕೊಂದು ದರ, ಅದರ ಮೇಲೆ ಮಜೂರಿ. ಅದೇ ವಸ್ತುವನ್ನು ಹತ್ತು ವರ್ಷ ಬಿಟ್ಟು ಮಾರಲು ಹೋದರೆ ಮಜೂರಿ ಮಾಯವಾಗಿರುತ್ತದೆ. ಬೆಸುಗೆಗೆ ಇಷ್ಟು, ಕೊಳೆಗೆ ಇಷ್ಟು ಎಂದು ಕಳೆದು ಉಳಿದ ಬೆಳ್ಳಿಗೆ ಮಾತ್ರ ದುಡ್ಡು. ಕುಂಕುಮದ ಬಟ್ಟಲಿನ ಮೇಲೆ ಯಾರೋ ಕೂತು ಕೊರೆದ ಬಳ್ಳಿ, ನವಿಲು, ಹೂವು ಈಗಲೂ ಕಣ್ಣಿಗೆ ಕಾಣುತ್ತವೆ. ತಕ್ಕಡಿಗೆ ಕಾಣುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಮನೆಯ ಹಳೆಯ ಗುಲಾಬದಾನಿಯನ್ನು ಹುಬ್ಬಳ್ಳಿಯಲ್ಲಿ ಮಾರಬೇಕಾಗಿ ಬಂತು. ಅವ್ವ ಅದನ್ನು ತಿರುಗಿಸಿ ತಿರುಗಿಸಿ ಅದರ ಕೆಲಸ ತೋರಿಸಿದಳು. ಅಂಗಡಿಯವರು ಗೌರವದಿಂದಲೇ ಹೇಳಿದರು: "ಅಕ್ಕಾರ, ನಕ್ಷಿಗೆ ತೂಕ ಇರೂದಿಲ್ರೀ." ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕಾಯಕ ಮತ್ತು ಕೂಲಿಯ ಕುರಿತು ಪಿಎಚ್‌.ಡಿ. ಮಾಡುತ್ತಿರುವ ನನಗೆ ಅದು ಓದಿದ ಪುಸ್ತಕಗಳಿಗಿಂತ ಹೆಚ್ಚು ಕಾಡಿತು. ಒಂದು ವಸ್ತುವಿನಲ್ಲಿ ಸೇರಿದ ದುಡಿಮೆಗೆ ಒಮ್ಮೆ ಕೂಲಿ ಕೊಟ್ಟರೆ ಋಣ ತೀರಿತೇ?

ತೀರಿತು ಎನ್ನುವುದು ಸುಲಭದ ಉತ್ತರ, ತಕ್ಷಣಕ್ಕೆ ಸರಿಯೂ ಅನ್ನಿಸುತ್ತದೆ. ಗುಲಾಬದಾನಿ ಮಾಡಿದವನು ಅಂದೇ ಮಜೂರಿ ಎಣಿಸಿಕೊಂಡು ಹೋಗಿದ್ದಾನೆ. ಇವತ್ತು ಅದನ್ನು ಕರಗಿಸಿದರೆ ಅವನ ಊಟವೇನೂ ಕಡಿಮೆಯಾಗುವುದಿಲ್ಲ. ಆದರೆ ನಮ್ಮ ಕಾನೂನೇ ಈ ಉತ್ತರವನ್ನು ಪೂರ್ತಿ ಒಪ್ಪಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿಸಿದ 53ಎ ಎಂಬ ಕಲಮಿದೆ. ಅದರ ಪ್ರಕಾರ ಮೂಲ ಚಿತ್ರ, ಶಿಲ್ಪ, ರೇಖಾಚಿತ್ರ ಅಥವಾ ಕೃತಿಯ ಹಸ್ತಪ್ರತಿ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲಿ ರಚಿಸಿದವರಿಗೆ, ಅವರ ವಾರಸುದಾರರಿಗೆ ಒಂದು ಪಾಲುಂಟು, ಗರಿಷ್ಠ 10 ಶೇಕಡಾ. ಫ್ರಾನ್ಸ್‌ನಲ್ಲಿ ಇಂಥ ಕಾನೂನು 1920ರಲ್ಲೇ ಬಂತು. ಮಾರಿ ಮುಗಿದ ಮೇಲೂ ಮಾಡಿದವನ ಹಕ್ಕಿನ ಒಂದು ಎಳೆ ವಸ್ತುವಿಗೆ ಅಂಟಿಕೊಂಡಿರುತ್ತದೆ ಎಂದು ಕಾಗದದ ಮೇಲಾದರೂ ಒಪ್ಪಿಕೊಂಡಂತಾಯಿತು. ಅದೇ ಕಾಯ್ದೆ ಬೇರೊಂದು ಕಡೆ ಕಲಾತ್ಮಕ ಕುಶಲಕರ್ಮವನ್ನೂ ಕಲಾಕೃತಿ ಎಂದು ಕರೆಯುತ್ತದೆ. ಪಾಲಿನ ಪಟ್ಟಿಗೆ ಬಂದಾಗ ಮಾತ್ರ ಅದರ ಹೆಸರಿಲ್ಲ. ಕುಂಚ ಹಿಡಿದವನ ದುಡಿಮೆ ವಸ್ತುವಿನಲ್ಲಿ ಉಳಿಯುತ್ತದೆ, ಉಳಿ ಹಿಡಿದವನದು ಉಳಿಯುವುದಿಲ್ಲ. ಯಾಕೆ ಎಂದು ಕೇಳಿದರೆ ನ್ಯಾಯಶಾಸ್ತ್ರದಲ್ಲಿ ಉತ್ತರ ಸಿಗಬಹುದು, ನ್ಯಾಯದಲ್ಲಿ ಸಿಗುವುದು ಕಷ್ಟ.

ಇದನ್ನು ಚೆನ್ನಾಗಿ ನೋಡಬೇಕೆಂದರೆ ಬೀದರಿಗೆ ಹೋಗಬೇಕು. ಬಹಮನಿ ಸುಲ್ತಾನರ ಕಾಲದಿಂದ ನಡೆದುಬಂದ ಬಿದರಿ ಕೆಲಸದಲ್ಲಿ ಲೋಹಕ್ಕೆ ಬೆಲೆ ಇಲ್ಲವೆಂದರೂ ನಡೆದೀತು: ಸುಮಾರು ಹದಿನಾರು ಪಾಲು ಸತುವು, ಒಂದು ಪಾಲು ತಾಮ್ರ. ಅದನ್ನು ಮರಳಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ತುಸು ಕಪ್ಪಾಗಿಸಿ, ಅದರ ಮೇಲೆ ಕೈಯಿಂದಲೇ ಚಿತ್ತಾರ ಗೀರಿ, ಗೀರನ್ನು ಉಳಿಯಿಂದ ಆಳಕ್ಕೆ ಕೊರೆಯುತ್ತಾರೆ. ಕೊರೆದ ಜಾಡಿನಲ್ಲಿ ಬೆಳ್ಳಿಯ ತಂತಿ ಇಟ್ಟು ಬಡಿದು ಕೂರಿಸಿದರೆ ತಾರ್‌ಕಶಿ, ಬೆಳ್ಳಿಯ ತಗಡು ಕೂರಿಸಿದರೆ ತೆಹನಿಶಾನ್. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿನೀರಿನ ಸ್ನಾನ. ಸತುವು ಕಾಡಿಗೆಯಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಮಣ್ಣು ಎಲ್ಲಿಯದೋ ಆದರೆ ನಡೆಯದು. ಬಹುಕಾಲ ಬಿಸಿಲು ಮಳೆ ಕಾಣದ ಜಾಗದ್ದೇ ಬೇಕು, ಅದು ಪಕ್ವವಾಗಿದೆಯೇ ಎಂದು ಕಸಬುದಾರರು ನಾಲಿಗೆಯ ಮೇಲಿಟ್ಟು ನೋಡುತ್ತಾರೆ.

ಇಂಥ ಹೂಜಿಯನ್ನು ಕರಗಿಸಿ ಯಾರಿಗೂ ಲಾಭವಿಲ್ಲ. ಅದರ ಬೆಲೆಯೆಲ್ಲ ಬಹುಪಾಲು ಮಜೂರಿಯೇ. ಬಹುಶಃ ಅದಕ್ಕಾಗಿಯೇ ನಾವು ಅಲ್ಲಿ ಹೆಚ್ಚು ಚೌಕಾಸಿ ಮಾಡುತ್ತೇವೆ. ಧಾರವಾಡದ ಕರಕುಶಲ ಮೇಳದಲ್ಲಿ ಬಿದರಿ ಮಳಿಗೆಯ ಮುಂದೆ ಅರ್ಧ ತಾಸು ನಿಂತಿದ್ದೆ. ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ: "ಇದರಾಗ ಬೆಳ್ಳಿ ಎಷ್ಟೈತಿ?" ಬೆಳ್ಳಿ ಕಡಿಮೆ ಎಂದು ಗೊತ್ತಾದ ಕೂಡಲೇ ಅವರು ಹೇಳುವ ದರವೂ ಕೆಳಗಿಳಿಯುತ್ತಿತ್ತು.

ರಷ್ಯಾದ ಹಳೆಯ ಬೆಳ್ಳಿ ಸಾಮಾನುಗಳಲ್ಲಿ ಬಿದರಿಯ ತದ್ವಿರುದ್ಧ ರೂಪವೊಂದಿದೆ. ಯುರೋಪಿನಲ್ಲಿ ಅದಕ್ಕೆ ನಿಯೆಲ್ಲೊ ಎನ್ನುತ್ತಾರೆ, ರಷ್ಯನ್ನರು ಚೆರ್ನ್ ಎನ್ನುತ್ತಾರೆ, ಕಪ್ಪು ಎಂಬ ಮಾತಿನಿಂದ ಬಂದ ಹೆಸರು. ಬಿದರಿಯಲ್ಲಿ ಕಪ್ಪು ನೆಲ, ಬೆಳ್ಳಿ ಗೆರೆ; ಅಲ್ಲಿ ಬೆಳ್ಳಿ ನೆಲ, ಕಪ್ಪು ಗೆರೆ. ಬೆಳ್ಳಿಯ ಮೇಲೆ ಕೊರೆದ ಜಾಡಿನಲ್ಲಿ ಬೆಳ್ಳಿ, ತಾಮ್ರ, ಸೀಸ, ಗಂಧಕ ಬೆರೆಸಿ ಕಾಯಿಸಿದ ಕಪ್ಪು ಪುಡಿ ತುಂಬಿ ಬೆಂಕಿಗೆ ಹಿಡಿಯುತ್ತಾರೆ. ಅದು ಕರಗಿ ಜಾಡಿನಲ್ಲಿ ಕೂರುತ್ತದೆ, ಮೇಲೆ ಉಳಿದದ್ದನ್ನು ಉಜ್ಜಿ ತೆಗೆಯುತ್ತಾರೆ. ಹದಿನೆಂಟನೇ ಶತಮಾನದಲ್ಲಿ ಉತ್ತರದ ವೆಲಿಕಿ ಉಸ್ತ್ಯುಗ್ ಎಂಬ ಊರಿನವರು ನಶ್ಯದ ಡಬ್ಬಿಗಳ ಮೇಲೆ ಹೀಗೆ ಊರಿನ ನೋಟಗಳನ್ನೂ ನಕಾಶೆಗಳನ್ನೂ ಬಿಡಿಸುತ್ತಿದ್ದರು. ಅಂಥ ಡಬ್ಬಿಗಳು ಇಂದು ಹರಾಜಿನಲ್ಲಿ ಬೆಳ್ಳಿಯ ಬೆಲೆಯ ಎಷ್ಟೋ ಪಟ್ಟು ತರುತ್ತವೆ. ಅಲ್ಲಿ ನಕ್ಷಿಗೆ ತೂಕ ಬಂದಿದೆ. ಬಂದದ್ದು ಕೊರೆದವನು ಸತ್ತು ಎರಡು ಶತಮಾನ ಕಳೆದ ಮೇಲೆ, ಸಂದದ್ದು ಮಾರಿದವನಿಗೆ.

ಹಾಗಾದರೆ ಕರಗಿಸುವುದೇ ತಪ್ಪು, ಹಳೆಯದನ್ನೆಲ್ಲ ಕಾಪಾಡಬೇಕು ಎನ್ನೋಣವೇ? 1922ರಲ್ಲಿ ಸೋವಿಯತ್ ಸರ್ಕಾರ ವೋಲ್ಗಾ ಕಡೆಯ ಬರದ ಹೆಸರಿನಲ್ಲಿ ಚರ್ಚುಗಳ ಬೆಳ್ಳಿಯನ್ನು ವಶಕ್ಕೆ ತೆಗೆದುಕೊಂಡಿತು. ಶತಮಾನಗಳ ಕೆಲಸ ಗಟ್ಟಿಯಾಗಿ ಹೋಯಿತು. ಅದರಲ್ಲಿ ಎಷ್ಟು ಹಸಿದವರ ಬಾಯಿಗೆ ಸೇರಿತು ಎಂಬುದು ಬೇರೆಯದೇ ಜಗಳ. ಆದರೆ ನಿಜಕ್ಕೂ ರೊಟ್ಟಿಯಾಗಿದ್ದರೆ? ನಾನಂತೂ ಕರಗಿಸಿ ಎನ್ನುತ್ತೇನೆ. ನಮ್ಮ ಗುಲಾಬದಾನಿಯೂ ಆಸ್ಪತ್ರೆಯ ಬಿಲ್ಲಿಗೆ ಹೋಯಿತು, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಜೀವದ ಎದುರು ಹೂಬಳ್ಳಿಯನ್ನು ಇಟ್ಟು ತೂಗುವವರು ಕಲೆಯನ್ನು ಪ್ರೀತಿಸುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ.

ವಸ್ತುವನ್ನು ಉಳಿಸಿದರೆ ಕಸುಬು ಉಳಿಯುತ್ತದೆ ಎಂಬುದೂ ಅರ್ಧ ಸತ್ಯ. ನಿಯೆಲ್ಲೊ ಪಾಕವನ್ನು ಇಟಲಿಯ ಅಕ್ಕಸಾಲಿ ಚೆಲ್ಲಿನಿ ಬರೆದಿಟ್ಟಿದ್ದ, ಅವನ ಗ್ರಂಥ 1568ರಲ್ಲೇ ಅಚ್ಚಾಯಿತು. ವಸ್ತುಸಂಗ್ರಹಾಲಯಗಳಲ್ಲಿ ಉಸ್ತ್ಯುಗ್‌ನ ಡಬ್ಬಿಗಳೂ ಇದ್ದವು. ಆದರೂ 1920ರ ದಶಕದ ಹೊತ್ತಿಗೆ ಆ ಊರಿನ ಕಸುಬು ಮಿಖಾಯಿಲ್ ಚಿರ್ಕೊವ್ ಎಂಬ ಒಬ್ಬ ಮುದುಕನ ಕೈಗೆ ಬಂದು ನಿಂತಿತ್ತು. ಅವನು ತನ್ನ ಗುಟ್ಟನ್ನು ಕೆಲವು ಹುಡುಗಿಯರಿಗೆ ಕಲಿಸಿದ. 1933ರಲ್ಲಿ ಅಲ್ಲೊಂದು ಕುಶಲಕರ್ಮಿಗಳ ಸಹಕಾರ ಸಂಘ ಹುಟ್ಟಿತು, 1938ರಲ್ಲಿ ಅವನು ತೀರಿಕೊಂಡ. ಪುಸ್ತಕವಾಗಲಿ ಗಾಜಿನ ಕಪಾಟಾಗಲಿ ಮಾಡಲಾಗದ್ದನ್ನು ಆ ಹುಡುಗಿಯರು ಅವನ ಪಕ್ಕ ಕೂತದ್ದು ಮಾಡಿತು. ಬಿದರಿಯೂ 1851ರಲ್ಲೇ ಲಂಡನ್ನಿನ ಮಹಾಪ್ರದರ್ಶನ ಕಂಡದ್ದು. ಅಲ್ಲಿಯ ಕಪಾಟುಗಳಲ್ಲಿ ಈಗಲೂ ಹೊಳೆಯುತ್ತಿದೆ. ಅದರಿಂದ ಚೌಬಾರಾದ ಹತ್ತಿರ ಕೂತು ಉಳಿ ಹಿಡಿದ ಹುಡುಗನಿಗೆ, ಇದನ್ನೇ ಮುಂದುವರಿಸಲೋ ಆಟೋ ಓಡಿಸಲೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಹೀಗಾಗಿ ಋಣದ ವಿಳಾಸವೇ ಬದಲಾಗಬೇಕು ಅನ್ನಿಸುತ್ತದೆ. ಸತ್ತವನ ಕೆಲಸಕ್ಕೆ ನಾವು ತೋರುವ ಭಕ್ತಿ ಬದುಕಿರುವವನ ಕೂಲಿಗೆ ಬರಬೇಕು. ಇಲ್ಲಿ ಕೆಲವರು ಕಾಯಕದ ಮಾತನ್ನು ಎಳೆದು ತರುತ್ತಾರೆ: ಕೆಲಸವೇ ಪೂಜೆ, ಹೆಚ್ಚಿಗೆ ಕೇಳಬಾರದು. ಬಸವಣ್ಣನ ಕಲ್ಯಾಣ ಇಂದಿನ ಬೀದರ್ ಜಿಲ್ಲೆಯಲ್ಲೇ ಇರುವುದರಿಂದ ಈ ಮಾತು ಅಲ್ಲಿ ಇನ್ನೂ ಸಲೀಸು. ಗಂಡ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ತಿರುಗಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೂ ಹೇಳುತ್ತಾರೆ. ಆದರೆ ಲಕ್ಕಮ್ಮ ಆ ಮಿತಿಯನ್ನು ಹಾಕಿಕೊಂಡದ್ದು ತನ್ನ ಮನೆಗೆ. ಕೊಳ್ಳುವವನು ಕಡಿಮೆ ಕೊಡಲಿ ಎಂದು ಅವಳು ಹೇಳಿದ್ದು ನನಗೆ ಎಲ್ಲೂ ಕಾಣಲಿಲ್ಲ.

ಗೌರವಗಳೇನೋ ಬಂದಿವೆ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ. ಎರಡೂ ಸಂತೋಷದ ಸಂಗತಿಗಳೇ. ಆದರೆ ಭೌಗೋಳಿಕ ಗುರುತು ಊರಿಗೆ ಸಿಗುವ ಹೆಸರು, ಕೈಗೆ ಸಿಗುವುದಲ್ಲ. ರಷ್ಯಾದ ಚಕ್ರವರ್ತಿಗಳ ಕಾಲದ ಬೆಳ್ಳಿಯಲ್ಲಿ ಶುದ್ಧತೆಯ 84 ಎಂಬ ಅಂಕಿಯ ಜೊತೆಗೆ (96ಕ್ಕೆ 84 ಪಾಲು ಶುದ್ಧ ಬೆಳ್ಳಿ ಎಂದರ್ಥ) ಮಾಡಿದವನ ಹೆಸರಿನ ಮೊದಲಕ್ಷರಗಳ ಮುದ್ರೆಯೂ ಇರುತ್ತದೆ. ಮೋಸ ಹಿಡಿಯಲೆಂದು ಮಾಡಿದ ವ್ಯವಸ್ಥೆ ಅದು, ಪ್ರೀತಿಯಿಂದ ಮಾಡಿದ್ದೇನಲ್ಲ. ಆದರೂ ಅದರಿಂದಾಗಿ ಇಂದು ಡಬ್ಬಿ ತಿರುಗಿಸಿದವರಿಗೆ ಒಬ್ಬ ಮನುಷ್ಯ ಸಿಗುತ್ತಾನೆ. ಮೇಳದಲ್ಲಿ ನಾನು ಕೊಂಡ ಬಿದರಿ ಪೆನ್ ಸ್ಟ್ಯಾಂಡ್ ಬರೆಯುವ ಮೇಜಿನ ಮೇಲಿದೆ. ತಿರುಗಿಸಿದರೆ ಬುಡದಲ್ಲಿ ದರದ ಚೀಟಿಯೊಂದೇ ಇದೆ. ಮಾಡಿದ್ದು ಯಾರು ಎಂದು ಮಳಿಗೆಯವರನ್ನು ಕೇಳಿದ್ದೆ. ಅವರು ಸ್ವಲ್ಪ ಯೋಚಿಸಿ, "ನಮ್ಮ ಓಣಿಯ ಹುಡುಗ್ರು ಸರ್, ಐದಾರು ಮಂದಿ ಕೈ ಹಾಕಿರ್ತಾರ" ಎಂದು, ಬೆರಳು ಮಡಚಿ ಒಬ್ಬೊಬ್ಬರ ಹೆಸರು ಹೇಳತೊಡಗಿದರು: ಎರಕದವರು ಇಂಥವರು, ಕೊರೆದವರು ಇಂಥವರು, ಬೆಳ್ಳಿ ಬಡಿದವರು ಇಂಥವರು. ನಾನು ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡೆ. ನಾಲ್ಕು ಹೆಸರಿಗೇ ಜಾಗ ಮುಗಿಯಿತು.