ತರಬೇತುದಾರರ ಹೊಣೆ ಎಲ್ಲಿಯವರೆಗೆ?

ಮಗನನ್ನು ಆಟದ ಮೈದಾನಕ್ಕೆ ಕಳುಹಿಸುವಾಗ "ಸರ್ ಹೇಳಿದ ಹಾಗೆ ಕೇಳು" ಎಂದು ನಾವೆಲ್ಲ ಹೇಳುತ್ತೇವೆ. ಆ ಒಂದು ಮಾತಿನೊಡನೆ ಹೆತ್ತವರ ಅಧಿಕಾರದ ಒಂದು ಪಾಲು ತರಬೇತುದಾರರ ಕೈಸೇರುತ್ತದೆ.

2008ರ ಆಗಸ್ಟ್ 20ರಂದು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಪ್ರೌಢಶಾಲೆಯೊಂದರಲ್ಲಿ ಅಮೆರಿಕನ್ ಫುಟ್‌ಬಾಲ್ ಅಭ್ಯಾಸ ನಡೆದಿತ್ತು. ಸೆಖೆಯ ದಿನ. ಕೊನೆಯಲ್ಲಿ ಹುಡುಗರನ್ನು ಮತ್ತೆ ಮತ್ತೆ ಓಡಿಸಲಾಯಿತು. 15 ವರ್ಷದ ಬಾಲಕನೊಬ್ಬ ಕುಸಿದುಬಿದ್ದ. ಅವನ ದೇಹದ ಉಷ್ಣತೆ 107 ಡಿಗ್ರಿ ಫ್ಯಾರನ್‌ಹೀಟ್ ತಲುಪಿತ್ತು. ಮೂರು ದಿನಗಳ ಬಳಿಕ ಅವನು ತೀರಿಕೊಂಡ. ಅಜಾಗರೂಕತೆಯಿಂದ ಸಾವಿಗೆ ಕಾರಣರಾದರೆಂದು ತರಬೇತುದಾರರ ಮೇಲೆ ಮೊಕದ್ದಮೆ ಹೂಡಲಾಯಿತು. ಅಲ್ಲಿಯೂ ಇದು ತೀರ ಅಪರೂಪದ ಸಂಗತಿ. 2009ರ ಸೆಪ್ಟೆಂಬರ್‌ನಲ್ಲಿ ಜ್ಯೂರಿ ಅವರನ್ನು ನಿರ್ದೋಷಿಯೆಂದು ಸಾರಿತು. ಹೆತ್ತವರ ಸಿವಿಲ್ ದಾವೆಯಾದರೋ 2010ರಲ್ಲಿ 17.5 ಲಕ್ಷ ಡಾಲರ್ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು.

ಇದರಲ್ಲಿ ವಿರೋಧಾಭಾಸವಿಲ್ಲ. ಒಬ್ಬನನ್ನು ಅಪರಾಧಿಯೆನ್ನಲು ಸಂದೇಹಾತೀತ ಪುರಾವೆ ಬೇಕು. ಸಿವಿಲ್ ನ್ಯಾಯಾಲಯ ಕೇಳುವುದು, ತಕ್ಕ ಎಚ್ಚರ ವಹಿಸಲಾಗಿತ್ತೇ ಎಂದು. ಒಪ್ಪಂದವೆಂದರೆ ತಪ್ಪೊಪ್ಪಿಗೆಯಲ್ಲ ಎಂಬುದನ್ನೂ ನಾವು ಮರೆಯಬಾರದು.

"ಅಪಾಯವಿದೆಯೆಂದು ತಿಳಿದೇ ಹುಡುಗ ಆಡಲು ಬಂದ" ಎಂಬ ವಾದವೊಂದಿದೆ. ಜಾರಿಬಿದ್ದು ಕೈ ಮುರಿದರೆ ಆ ಮಾತು ಸರಿ. ಆದರೆ ಓಟವನ್ನು ನಿಲ್ಲಿಸುವ ಸ್ವಾತಂತ್ರ್ಯ ಆ ಬಾಲಕನಿಗೆ ನಿಜವಾಗಿ ಇರುತ್ತದೆಯೇ? ನಿಂತರೆ ತಂಡದಲ್ಲಿ ಸ್ಥಾನ ಹೋದೀತೆಂಬ ಭಯ, ಗೆಳೆಯರ ಮುಂದೆ ನಾಚಿಕೆ. ಮೇಲಾಗಿ ಉಷ್ಣಾಘಾತವು ಮೊದಲು ಕಸಿಯುವುದು ವಿವೇಚನೆಯನ್ನೇ. ತನಗೇನಾಗುತ್ತಿದೆಯೆಂದು ಅವನಿಗೇ ತಿಳಿಯದು. ಆದುದರಿಂದ ಅವನ ಪರವಾಗಿ ಮತ್ತೊಬ್ಬರ ಕಣ್ಣು ಎಚ್ಚರವಾಗಿರಬೇಕು. ವಿಧೇಯತೆಯನ್ನು ಪಡೆದವರು ಈ ಎಚ್ಚರವನ್ನು ಸಾಲವಾಗಿ ಹೊತ್ತಿರುತ್ತಾರೆ. ಚಿಕಿತ್ಸೆಯೂ ಕ್ಲಿಷ್ಟವಾದುದಲ್ಲ: ಮಂಜುಗಡ್ಡೆ ಬೆರೆಸಿದ ನೀರಿನ ತೊಟ್ಟಿಯಲ್ಲಿ ಕೂಡಲೇ ಮುಳುಗಿಸಿ ದೇಹವನ್ನು ತಂಪುಮಾಡಬೇಕು, ಆಸ್ಪತ್ರೆಗೆ ಸಾಗಿಸುವುದು ಆಮೇಲೆ.

ನಮ್ಮಲ್ಲಿಯೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ವಿಧಿ ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಕಾನೂನಿನ ಭಯದಿಂದ ಮೈದಾನಗಳು ಬರಿದಾಗುವುದು ನನಗಂತೂ ಬೇಡ. ಮುಂಜಾನೆಯೇ ಎದ್ದುಬಂದು ಪರರ ಮಕ್ಕಳಿಗಾಗಿ ದುಡಿಯುವ ದೈಹಿಕ ಶಿಕ್ಷಕರ ಮೇಲೆ ನನಗೆ ಗೌರವವಿದೆ. ಅಲ್ಲದೆ ಮಕ್ಕಳನ್ನು ದಣಿಸುವ ಗುರುವನ್ನು "ಬಹಳ ಶಿಸ್ತಿನವರು" ಎಂದು ಹೊಗಳುವವರು ನಾವೇ ಅಲ್ಲವೇ? ಟ್ರೋಫಿ ಬಂದಾಗ ಚಪ್ಪಾಳೆ ತಟ್ಟಿದವರು ಸಾಕ್ಷಿಕಟ್ಟೆಯಲ್ಲಿ ಅವರೊಬ್ಬರನ್ನೇ ನಿಲ್ಲಿಸುತ್ತೇವೆ.

ಕೆಂಟಕಿ ರಾಜ್ಯವು 2009ರಲ್ಲಿಯೇ ಕಾನೂನೊಂದನ್ನು ತಂದಿತು. ಅದರಂತೆ ಪ್ರೌಢಶಾಲೆಗಳ ತರಬೇತುದಾರರು ಕ್ರೀಡಾ ಸುರಕ್ಷತೆಯ ಶಿಕ್ಷಣ ಪಡೆಯಬೇಕು. ಅದನ್ನು ಪಡೆದ ಒಬ್ಬರಾದರೂ ಪ್ರತಿಯೊಂದು ಅಭ್ಯಾಸದಲ್ಲಿಯೂ ಮೈದಾನದಲ್ಲಿರಬೇಕು.